ಕಾಫಿ ಹುರಿಯುವ ಮನೆಗೆ ಹೊಸಬರು ಬಂದಾಗ

ಜಮಖಂಡಿಯ ಬಸ್ ನಿಲ್ದಾಣದಲ್ಲಾಗಲಿ, ಬೀಳಗಿಯ ಸಂತೆಯಲ್ಲಾಗಲಿ ನಿಮ್ಮ ಕೈಗೆ ಮೊದಲು ಬರುವುದು ಚಹಾ. ಕಾಫಿ ನಮ್ಮ ಸೀಮೆಯ ಬೆಳೆಯಲ್ಲ. ಅದು ಕೊಡಗು, ಚಿಕ್ಕಮಗಳೂರು, ಹಾಸನಗಳ ನೆರಳಿನ ತೋಟಗಳದು. ಆದರೂ ಓದು ಮುಗಿಸಿ ಬೆಂಗಳೂರಿಗೋ ಹುಬ್ಬಳ್ಳಿಗೋ ಕೆಲಸ ಹುಡುಕಿಕೊಂಡು ಹೋದ ನಿಮ್ಮಲ್ಲಿ ಯಾರಾದರೂ ಒಂದು ಸಣ್ಣ ಕಾಫಿ ಉದ್ಯಮದ ಬಾಗಿಲು ತಟ್ಟಬಹುದು. ತೋಟದಿಂದ ನೇರವಾಗಿ ಹಸಿ ಬೀಜ ತಂದು, ತಾವೇ ಹುರಿದು, ತಾವೇ ಮಾರುವ ನಾಲ್ಕೈದು ಮಂದಿಯ ಅಂಗಡಿ ಅದು. ಅಲ್ಲಿಗೆ ಹೊಸಬರೊಬ್ಬರು ಸೇರಿದಾಗ ಏನು ನಡೆಯಬೇಕು ಎಂಬುದನ್ನು ಇಲ್ಲಿ ನೋಡೋಣ.

ಇಂಥ ಅಂಗಡಿಗಳು ಹುಟ್ಟಲು ಒಂದು ಕಾರಣವಿದೆ. 1942ರ ಕಾಫಿ ಕಾಯ್ದೆಯ ನಂತರ ಬೆಳೆಗಾರರು ತಮ್ಮ ಬೀಜವನ್ನು ಕಾಫಿ ಮಂಡಳಿಯ ಸಾಮೂಹಿಕ ಸಂಗ್ರಹಕ್ಕೆ ಕೊಡಬೇಕಿತ್ತು. ಒಬ್ಬರ ಬೀಜ ಮತ್ತೊಬ್ಬರದರೊಡನೆ ಬೆರೆಯುತ್ತಿತ್ತು. ಇದು ಯಾವ ಗುಡ್ಡದ ಕಾಫಿ ಎಂದು ಕುಡಿಯುವವರಿಗೆ ತಿಳಿಯುತ್ತಿರಲಿಲ್ಲ. 1992ರಿಂದ ಈ ಕಟ್ಟು ಸಡಿಲವಾಗುತ್ತ ಬಂದು 1996ರಲ್ಲಿ ಬೆಳೆಗಾರರೆಲ್ಲರಿಗೂ ಸ್ವತಂತ್ರ ಮಾರಾಟದ ಹಕ್ಕು ದೊರೆಯಿತು. ಆಮೇಲೆ ಒಂದು ತೋಟದ ಕಾಫಿ ತನ್ನದೇ ಹೆಸರಿನಲ್ಲಿ ಪೇಟೆಗೆ ಬರುವುದು ಸಾಧ್ಯವಾಯಿತು. ಪರೀಕ್ಷಕರು ರುಚಿ ನೋಡಿ 100ಕ್ಕೆ 80 ಅಥವಾ ಅದಕ್ಕಿಂತ ಹೆಚ್ಚು ಅಂಕ ಕೊಟ್ಟ ಬೀಜವನ್ನು ವಿಶೇಷ ದರ್ಜೆಯ ಕಾಫಿ ಎಂದು ಕರೆಯುವ ರೂಢಿ ಜಗತ್ತಿನಾದ್ಯಂತ ಬೆಳೆದಿದೆ.

ಈ ಕಸುಬಿನ ತಿರುಳು ಒಂದೇ ಮಾತಿನಲ್ಲಿದೆ: ಹದ. ಮುಧೋಳ, ಮಹಾಲಿಂಗಪುರದ ಕಡೆಯ ಆಲೆಮನೆಯನ್ನು ನೀವು ಕಂಡಿದ್ದರೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಗಟ್ಟಿಯಾಗುವಾಗ ಅನುಭವಿ ಕೆಲಸಗಾರ ಚೂರು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾನೆ. ಸ್ವಲ್ಪ ಮೊದಲೇ ಇಳಿಸಿದರೆ ಬೆಲ್ಲ ಗಟ್ಟಿಯಾಗದು, ಸ್ವಲ್ಪ ತಡವಾದರೆ ಸೀದು ಕಪ್ಪಾಗುತ್ತದೆ. ಕಾಫಿ ಹುರಿಯುವುದೂ ಹೀಗೆಯೇ. ಬೀಜದ ಬಿಸಿ ಸುಮಾರು 196 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಒಳಗಿನ ಆವಿಯ ಒತ್ತಡಕ್ಕೆ ಬೀಜ ಚಟಪಟ ಸಿಡಿಯುತ್ತದೆ. ಅಲ್ಲಿಂದ ಮುಂದೆ ಲೆಕ್ಕ ನಿಮಿಷಗಳದ್ದಲ್ಲ, ಸೆಕೆಂಡುಗಳದ್ದು. ಯಂತ್ರ ಉಷ್ಣತೆಯನ್ನು ತೋರಿಸುತ್ತದೆ, ನಿಜ. ಆದರೆ ಯಾವ ಬೀಜವನ್ನು ಯಾವಾಗ ಇಳಿಸಬೇಕೆಂಬ ತೀರ್ಮಾನ ಮನುಷ್ಯನದೇ.

ಈ ಹದ ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದು ಹೇಗೆ? ರಬಕವಿ-ಬನಹಟ್ಟಿಯ ನೇಕಾರರ ಮನೆಯನ್ನೇ ನೋಡಿ. ಮಗ್ಗದ ಸದ್ದಿನಲ್ಲೇ ಬೆಳೆದವರಿಗೆ ಯಾರೂ ಪಾಠ ಹೇಳುವುದಿಲ್ಲ. ಮೊದಲು ಕಂಡಿಕೆ ಸುತ್ತುತ್ತಾರೆ, ಹರಿದ ಎಳೆಗೆ ಗಂಟು ಹಾಕುತ್ತಾರೆ, ಪಕ್ಕದಲ್ಲಿ ಕೂತು ಲಾಳಿ ಓಡುವುದನ್ನು ನೋಡುತ್ತಾರೆ. ಬಹಳ ದಿನಗಳ ಮೇಲೆ ಕುಣಿಯಲ್ಲಿ ಕಾಲಿಟ್ಟು ಮಗ್ಗದ ಮುಂದೆ ಕೂರುತ್ತಾರೆ. ಅಲ್ಲಿ ಸ್ವಾಗತದ ಪ್ರಶ್ನೆಯೇ ಏಳದು, ಕಲಿಯುವವರು ಮನೆಯವರೇ ತಾನೆ! ಕಾಫಿ ಅಂಗಡಿಗೆ ಬರುವವರು ಹೊರಗಿನವರು. ಮನೆಯೊಳಗೆ ಹತ್ತು ವರ್ಷ ನೋಡಿ ನೋಡಿ ತಿಳಿಯುವುದನ್ನು ಇಲ್ಲಿ ಕೆಲವೇ ತಿಂಗಳುಗಳಲ್ಲಿ ತಿಳಿಯಬೇಕು. ಹಾಗಾಗಿ ಬಾಯಿಬಿಟ್ಟು ಹೇಳಬೇಕು, ಬರೆದಿಡಬೇಕು. ಹೇಳದಿದ್ದರೆ ನಷ್ಟ ಹೊಸಬರಿಗೆ ಮಾತ್ರವಲ್ಲ. ಹುರಿಯುವುದನ್ನು ಒಬ್ಬರೇ ಬಲ್ಲ ಅಂಗಡಿಯಲ್ಲಿ ಅವರು ಕೆಲಸ ಬಿಟ್ಟ ದಿನವೇ ಅಂಗಡಿಯ ರುಚಿಯೂ ಹೊರಟುಹೋಗುತ್ತದೆ.

ಕಾಫಿಯವರ ಬಳಿ ಇದಕ್ಕೊಂದು ಒಳ್ಳೆಯ ಉಪಾಯವಿದೆ. ಅದಕ್ಕೆ ಕಪ್ಪಿಂಗ್ ಎನ್ನುತ್ತಾರೆ. ಒಂದೇ ಅಳತೆಯ ಬಟ್ಟಲುಗಳಲ್ಲಿ 150 ಮಿಲಿಲೀಟರ್ ನೀರಿಗೆ 8.25 ಗ್ರಾಂನಂತೆ ಪುಡಿ ಹಾಕಿ, ಸುಮಾರು 93 ಡಿಗ್ರಿಯ ನೀರು ಸುರಿಯುತ್ತಾರೆ. ನಾಲ್ಕು ನಿಮಿಷದ ಮೇಲೆ ಮೇಲ್ಗಟ್ಟಿದ ಪುಡಿಯ ಪದರವನ್ನು ಚಮಚದಿಂದ ಒಡೆದು ಪರಿಮಳ ನೋಡುತ್ತಾರೆ. ಸ್ವಲ್ಪ ಆರಿದ ನಂತರ ಸೊರ್ರೆಂದು ಸದ್ದು ಮಾಡಿ ಹೀರುತ್ತಾರೆ. (ಮನೆಯಲ್ಲಿ ಹಾಗೆ ಕುಡಿದರೆ ಅಜ್ಜಿ ಬೈದಾರು, ಇಲ್ಲಿ ಅದೇ ಶಿಸ್ತು!) ನನಗೆ ಮುಖ್ಯವಾಗಿ ಕಾಣುವುದು ಮುಂದಿನ ನಿಯಮ. ಎಲ್ಲರೂ ಮಾತಿಲ್ಲದೆ ತಮ್ಮ ತಮ್ಮ ಹಾಳೆಯಲ್ಲಿ ಅಂಕ ಬರೆಯುತ್ತಾರೆ. ಚರ್ಚೆ ಆಮೇಲೆ. ಮಾಲೀಕರು ಮೊದಲೇ ಬಾಯಿ ತೆರೆದರೆ ಹೊಸಬರ ನಾಲಿಗೆ ಮಾಲೀಕರದನ್ನೇ ಒಪ್ಪಿಬಿಡುತ್ತದೆ.

ಇಲ್ಲಿ ನಮ್ಮ ಕಡೆಯ ಮಕ್ಕಳಿಗೆ ಒಂದು ತೊಡಕು ಎದುರಾಗುತ್ತದೆ. ಕಾಫಿಯ ರುಚಿಗಳ ಪಟ್ಟಿ ಬಹುಪಾಲು ಅಮೆರಿಕದಿಂದ ಬಂದದ್ದು. ಅದರಲ್ಲಿ ಬ್ಲೂಬೆರಿ, ರಾಸ್ಪ್‌ಬೆರಿ ಎಂದೆಲ್ಲ ಇರುತ್ತದೆ. ಅವುಗಳನ್ನು ಎಂದೂ ತಿನ್ನದ ಹುಡುಗಿ ಹಾಳೆಯ ಮುಂದೆ ಸುಮ್ಮನೆ ಕೂತರೆ ಅವಳ ನಾಲಿಗೆ ಮಂದ ಎಂದಲ್ಲ. ಹೊಸ ಬೆಲ್ಲಕ್ಕೂ ಹಳೆ ಬೆಲ್ಲಕ್ಕೂ ವಾಸನೆಯಲ್ಲೇ ವ್ಯತ್ಯಾಸ ಹೇಳಬಲ್ಲ ಹುಡುಗಿ ಅವಳು. ಅವಳು ಹುಣಸೆ, ಹುರಿದ ಶೇಂಗಾ, ಲಿಂಬೆ ಎಂದು ಬರೆದರೆ ಹಾಗೆಯೇ ದಾಖಲಾಗಬೇಕು. ಪಟ್ಟಿಯ ಹಣ್ಣುಗಳನ್ನು ತರಿಸಿ ಅವಳಿಗೆ ತಿನ್ನಿಸುವುದು ಅಂಗಡಿಯ ಹೊಣೆ. ಹೊಸಬರನ್ನು ಬರಮಾಡಿಕೊಳ್ಳುವುದೆಂದರೆ ನನ್ನ ದೃಷ್ಟಿಯಲ್ಲಿ ಇದೇ. ಹಾರ, ಪೇಡೆ ಆಮೇಲಿನ ಮಾತು.

ಕಾಗದದ ಕೆಲಸವೂ ಇದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ, ಕೆಲಸಕ್ಕೆ ಸೇರಿದ 30 ದಿನಗಳೊಳಗೆ ಹುದ್ದೆ, ವೇತನ, ಷರತ್ತುಗಳನ್ನು ಬರೆದ ನೇಮಕಾತಿ ಪತ್ರ ಕೊಡಬೇಕೆಂಬ ಕಲಮು ಸೇರಿದೆ. ವಾರಕ್ಕೊಂದು ರಜೆಯ ಮಾತೂ ಆ ಕಾಯ್ದೆಯಲ್ಲಿದೆ. “ನಾವೆಲ್ಲ ಒಂದೇ ಕುಟುಂಬದವರು” ಎಂಬ ಸಿಹಿ ಮಾತು ಈ ಪತ್ರದ ಬದಲಿಗೆ ಬರಬಾರದು. ಕಾಫಿಯ ಚರಿತ್ರೆಯಲ್ಲೇ ಇದಕ್ಕೊಂದು ಪಾಠವುಂಟು. 1950ರ ದಶಕದಲ್ಲಿ ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ ಬೀದಿಗೆ ಬೀಳಲಿದ್ದ ನೌಕರರು ಎ. ಕೆ. ಗೋಪಾಲನ್ ಅವರಂಥ ನಾಯಕರ ಬೆಂಬಲದಿಂದ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ 1957ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿತು. ತಟ್ಟೆ ಹಿಡಿದು ಬರುತ್ತಿದ್ದವರೇ ಅಲ್ಲಿ ಸಂಘದ ಒಡೆಯರಾದರು.

ಇನ್ನು ನೀವು ಒಯ್ಯಬೇಕಾದದ್ದೇನು? ಒಂದು ನೋಟುಬುಕ್ಕು. ಕಪ್ಪಿಂಗ್ ದಿನ ಅತ್ತರು, ವಾಸನೆಯ ಎಣ್ಣೆ ಬೇಡ. ಎಲೆಯಡಿಕೆಯಂತೂ ಬೇಡವೇ ಬೇಡ. ಆರಂಭದಲ್ಲಿ ಬಟ್ಟಲು ತೊಳೆಯಲು, ಬೀಜ ಆರಿಸಲು ಹೇಳಿದರೆ ಬೇಸರಪಡಬೇಡಿ. ಸೋಪಿನ ವಾಸನೆ ಉಳಿದ ಒಂದು ಬಟ್ಟಲು ಇಡೀ ಪರೀಕ್ಷೆಯನ್ನು ಕೆಡಿಸುತ್ತದೆ. ಕಪ್ಪಾದ ಬೀಜ, ಒಡೆದ ಬೀಜ, ಹುಳು ಕೊರೆದ ಬೀಜ ಇವುಗಳನ್ನು ಬೆರಳಿಗೆ ಗುರುತು ಮಾಡಿಕೊಳ್ಳುವುದೇ ನಿಮ್ಮ ಕಂಡಿಕೆ ಸುತ್ತುವ ಕಾಲ. ಆದರೆ ಮೂರು ತಿಂಗಳಾದರೂ ಬಟ್ಟಲು ತೊಳೆಯುವುದೇ ಉಳಿದಿದ್ದರೆ, “ನನಗೆ ಹುರಿಯಲು ಯಾವಾಗ ಕಲಿಸುತ್ತೀರಿ, ಸರ್?” ಎಂದು ವಿನಯದಿಂದಲೇ ಕೇಳಿ.

ವಿಜ್ಞಾನ ಓದಿದವರು ಕಾಫಿ ಮಂಡಳಿ ನಡೆಸುವ ಕಾಫಿ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾವನ್ನು ವಿಚಾರಿಸಬಹುದು. ಹುರಿಯುವುದು, ಕುದಿಸುವುದು ಮೊದಲಾದವನ್ನು ಕಲಿಸುವ ‘ಕಾಪಿ ಶಾಸ್ತ್ರ’ ಎಂಬ ಕಿರು ತರಬೇತಿಯೂ ಮಂಡಳಿಯದೇ. ಅದರ ಕೇಂದ್ರ ಕಚೇರಿ ಬೆಂಗಳೂರಿನ ಅಂಬೇಡ್ಕರ್ ಬೀದಿಯಲ್ಲಿದೆ.