ಮೂರಡಿಯ ಪೌರರು
(ಬಾನುಲಿ ಭಾಷಣ)

ಮೂರು ವರ್ಷ ತುಂಬಿದ ಆರೋಗ್ಯವಂತ ಮಗುವಿನ ಎತ್ತರ ಸುಮಾರು 95 ಸೆಂಟಿಮೀಟರು. ನಮ್ಮ ಹಳೆಯ ಅಳತೆಯಲ್ಲಿ ಮೂರಡಿಯ ಮೇಲೊಂದು ಅಂಗುಲ. ಕಣ್ಣನ್ನು ಅಷ್ಟು ಕೆಳಕ್ಕಿಳಿಸಿಕೊಂಡು ಚಿತ್ರದುರ್ಗದ ಪೇಟೆಯಲ್ಲೊಮ್ಮೆ ನಡೆದುಬಂದರೆ ಏನು ಕಂಡೀತು? ಅಂಗಡಿಯ ಹೆಸರುಹಲಗೆ ಕಾಣದು, ಎದುರು ಬರುವವರ ಮುಖ ಕಾಣದು. ಕಾಣುವುದು ನಿಂತ ವಾಹನಗಳ ಬಂಪರು, ಹಿರಿಯರ ಮಂಡಿಗಳು, ಬಾಯ್ದೆರೆದ ಚರಂಡಿ. ಹೊಗೆಕೊಳವೆ ಉಗುಳುವ ಗಾಳಿ ನೇರವಾಗಿ ಆ ಪುಟ್ಟ ಮೂಗಿನ ಮಟ್ಟಕ್ಕೇ ಬರುತ್ತದೆ. ವಾಮನನೂ ಮೂರಡಿಯನ್ನೇ ಕೇಳಿದ್ದು. ಅವನಿಗೆ ಬಲಿ ಇಲ್ಲವೆನ್ನಲಿಲ್ಲ.

ಊರನ್ನು ಯೋಜಿಸುವವರ ಮನಸ್ಸಿನಲ್ಲಿ ಒಬ್ಬ ಪೌರನಿರುತ್ತಾನೆ. ಅವನು ನಡುವಯಸ್ಸಿನ ಗಂಡಸು, ಕೈಯಲ್ಲಿ ಭಾರವಿಲ್ಲದವನು, ವಾಹನವುಳ್ಳವನು, ಒಂದೆಡೆಯಿಂದ ಇನ್ನೊಂದೆಡೆಗೆ ಬೇಗ ತಲುಪಬೇಕಾದವನು. ಕಂಕುಳಲ್ಲೊಂದು ಕೂಸು, ಕೈಯಲ್ಲೊಂದು ಚೀಲ, ಸೆರಗು ಹಿಡಿದ ಇನ್ನೊಂದು ಮಗು, ಹೀಗೆ ಬರುವ ತಾಯಿ ಆ ನಕ್ಷೆಯಲ್ಲಿಲ್ಲ. ಮೊಮ್ಮಗುವನ್ನು ಅಂಗನವಾಡಿಗೆ ಬಿಟ್ಟುಬರುವ ಅಜ್ಜಿಯೂ ಇಲ್ಲ.

ಈ ಕೊರತೆಯನ್ನೇ ಕೈಗೆತ್ತಿಕೊಂಡವರು ನೆದರ್ಲೆಂಡ್ಸ್ ದೇಶದ ಬರ್ನಾರ್ಡ್ ವ್ಯಾನ್ ಲೀರ್ ಪ್ರತಿಷ್ಠಾನದವರು. 2016ರಲ್ಲಿ ಅವರು ಆರಂಭಿಸಿದ ಕಾರ್ಯಕ್ರಮಕ್ಕೆ ಆ ಎತ್ತರದಿಂದಲೇ ‘ಅರ್ಬನ್ 95’ ಎಂದು ಹೆಸರಾಯಿತು. ನಮ್ಮ ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2020ರಲ್ಲಿ ಅವರೊಡಗೂಡಿ ಐದು ವರ್ಷದೊಳಗಿನ ಮಕ್ಕಳಿಗಾಗಿ ನೆರೆಹೊರೆಗಳನ್ನು ತಿದ್ದುವ ಸ್ಪರ್ಧೆಯೊಂದನ್ನು ನಡೆಸಿತು. 2021ರಲ್ಲಿ ಆಯ್ಕೆಯಾದ 25 ನಗರಗಳಲ್ಲಿಯೂ, ಮರುವರ್ಷ ಉಳಿದ 10ರಲ್ಲಿಯೂ ನಮ್ಮ ಬೆಂಗಳೂರು ಮತ್ತು ಹುಬ್ಬಳ್ಳಿ-ಧಾರವಾಡಗಳಿದ್ದವು. ಸಂತೋಷದ ಸಂಗತಿಯೇ. ಆದರೆ ಸ್ಪರ್ಧೆಗೆ ನಿಲ್ಲಬೇಕಾದರೆ ಸ್ಮಾರ್ಟ್ ಸಿಟಿಯಾಗಿರಬೇಕು, ಇಲ್ಲವೆ ರಾಜಧಾನಿಯಾಗಿರಬೇಕು, ಅದೂ ಅಲ್ಲದಿದ್ದರೆ 5 ಲಕ್ಷ ಜನರಿರಬೇಕು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಇವಾವುವೂ ಆ ಬಾಗಿಲಿನೊಳಗೆ ಹೋಗುವಂತಿರಲಿಲ್ಲ. ದೊಡ್ಡ ನಗರ ಕೆಟ್ಟಮೇಲೆ ತಿದ್ದುವುದಕ್ಕಿಂತ ಚಿಕ್ಕ ಊರು ಕೆಡುವ ಮೊದಲೇ ಕಾಯುವುದು ಸುಲಭವೆಂಬುದು ನನ್ನ ಅಭಿಪ್ರಾಯ. ಅಂಗನವಾಡಿ, ಆಸ್ಪತ್ರೆ, ಸಂತೆ ಇವೆಲ್ಲ ನಡೆದು ತಲುಪುವ ದೂರದಲ್ಲಿರುವುದು ಚಿಕ್ಕ ಊರಿನ ಭಾಗ್ಯ. ನಡೆಯಲು ದಾರಿಯಿಲ್ಲದಿದ್ದರೆ ಆ ಭಾಗ್ಯದಿಂದ ಫಲವಿಲ್ಲ.

ಇಷ್ಟು ಚಿಕ್ಕ ಮಕ್ಕಳ ವಿಷಯದಲ್ಲಿ ಇಷ್ಟು ಕಾತರವೇಕೆ ಎನ್ನುವವರುಂಟು. ಮೂರು ವರ್ಷ ತುಂಬುವ ಹೊತ್ತಿಗೆ ಮಗುವಿನ ಮಿದುಳು ಬೆಳೆದವರ ಮಿದುಳಿನ ಗಾತ್ರದ ಸುಮಾರು ಮುಕ್ಕಾಲು ಪಾಲನ್ನು ಮೀರಿರುತ್ತದೆಂದು ವೈದ್ಯರು ಹೇಳುತ್ತಾರೆ. ನಾನು ವೈದ್ಯನಲ್ಲ, ಕನ್ನಡದ ಮೇಷ್ಟ್ರು. ನನಗೆ ಕಂಡ ಸಂಗತಿ ಬೇರೆ. ಮಗು ಮಾತು ಕಲಿಯುವುದು ನಡೆಯುತ್ತ ನಡೆಯುತ್ತ. ಅದು ನಿಂತು ಬೆರಳು ತೋರಿಸುತ್ತದೆ, ‘ಅದೇನು?’ ಎನ್ನುತ್ತದೆ, ಹಿರಿಯರು ಹೆಸರು ಹೇಳುತ್ತಾರೆ. ಎತ್ತಿನ ಕೊರಳಿನ ಗಗ್ಗರ, ಬಳೆಗಾರನ ಮಲಾರ, ಹೊಂಗೆಯ ಹೂ ಹೀಗೆ ಒಂದೊಂದು ನಡಿಗೆಗೆ ನಾಲ್ಕಾರು ಮಾತುಗಳು ಮನೆ ಸೇರುತ್ತವೆ. ಈಗ ನಮ್ಮ ಮುಖ್ಯ ಬೀದಿಗಳಲ್ಲಿ ಮಗುವಿನೊಡನೆ ನಡೆಯುವ ಹಿರಿಯರ ಮಾತನ್ನು ಕಿವಿಗೊಟ್ಟು ಕೇಳಿ: ‘ಹುಷಾರು’, ‘ಬೇಡ’, ‘ಬೇಗ ಬಾ’, ‘ಕೈ ಬಿಡಬೇಡ’. ಎಲ್ಲವೂ ತಡೆಯುವ ಮಾತುಗಳೇ. ಕೊನೆಗೆ ಅವರು ಬೇಸತ್ತು ಮಗುವನ್ನು ಎತ್ತಿಕೊಳ್ಳುತ್ತಾರೆ. ಅದೂ ಸಾಲದೆಂದು ಮನೆಯಲ್ಲೇ ಉಳಿಸಿ, ಸುಮ್ಮನಿರಲೆಂದು ಕೈಗೊಂದು ಮೊಬೈಲು ಕೊಡುತ್ತಾರೆ. ಕನ್ನಡ ಮಕ್ಕಳ ನಾಲಗೆಯಲ್ಲಿ ಕನ್ನಡ ಸೊರಗುತ್ತಿದೆಯೆಂದು ಸಭೆಗಳಲ್ಲಿ ಮರುಗುವ ನಾವು ಕಾಲುದಾರಿಯ ಕಡೆಗೂ ಒಮ್ಮೆ ನೋಡುವುದು ಒಳ್ಳೆಯದು.

ಕಾಲುದಾರಿಗೂ ಶಾಸ್ತ್ರವುಂಟು. ಅದರ ಅಗಲ ಅಡ್ಡಿಯಿಲ್ಲದೆ ಕನಿಷ್ಠ 1.8 ಮೀಟರು, ರಸ್ತೆಯಿಂದ ಅಂಚಿನ ಎತ್ತರ ಹೆಚ್ಚೆಂದರೆ 15 ಸೆಂಟಿಮೀಟರು ಎಂದು ಭಾರತೀಯ ರಸ್ತೆ ಕಾಂಗ್ರೆಸ್ಸು 2012ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ಹೇಳಿದೆ. ಈ 15 ಸೆಂಟಿಮೀಟರು ಮೂರು ವರ್ಷದ ಮಗುವಿಗೆ ನಮಗೆ ಹತ್ತಿರ ಹತ್ತಿರ ಒಂದಡಿಯ ಮೆಟ್ಟಿಲಿದ್ದಂತೆ. ನಮ್ಮ ಊರುಗಳಲ್ಲಿಯೋ, ಕಾಲುದಾರಿಯೆಂದರೆ ಬಹುಪಾಲು ಚರಂಡಿಯ ಮೇಲೆ ಹಾಸಿದ ಚಪ್ಪಡಿ. ಒಂದು ಏರಿದರೆ ಒಂದು ಇಳಿದಿರುತ್ತದೆ, ಮೂರನೆಯದು ಇರುವುದೇ ಇಲ್ಲ. ದುರ್ಗದ ಪಾಳೆಯಗಾರರು ಶತ್ರು ನುಗ್ಗದಿರಲೆಂದು ಕೋಟೆಯ ದಾರಿಯನ್ನು ಬೇಕೆಂದೇ ಸೊಟ್ಟಸೊಟ್ಟಾಗಿ, ಏರುಪೇರಾಗಿ ಕಟ್ಟಿಸಿದರು. ಕೂಸುಗಳನ್ನು ಶತ್ರುಗಳೆಂದು ಬಗೆದವರಾರೋ ತಿಳಿಯದು.

ಹಿರಿಯೂರಿನದು ಇನ್ನೊಂದು ಬಗೆ. ಬೆಂಗಳೂರು-ಪುಣೆ ಹೆದ್ದಾರಿಯೂ ಬಳ್ಳಾರಿಯ ಕಡೆಯಿಂದ ಚಾಮರಾಜನಗರದತ್ತ ಹೋಗುವ ಹೆದ್ದಾರಿಯೂ ಅಲ್ಲಿ ಕೂಡುತ್ತವೆ. ಇಂಥ ಊರಿನಲ್ಲಿ ವೇಗವೇ ಮುಖ್ಯ ಪ್ರಶ್ನೆ. ಗಂಟೆಗೆ 30 ಕಿಲೋಮೀಟರಿನ ಒಳಗೆ ಬರುವ ವಾಹನ ಬಡಿದರೆ ನಡೆಯುವವನು ಬದುಕುಳಿಯುವ ಸಂಭವವೇ ಹೆಚ್ಚು. ವೇಗ ಏರಿದಂತೆ ಅದು ಬಲುಬೇಗ ಕುಸಿಯುತ್ತದೆ. ಅಂಗನವಾಡಿ, ಶಾಲೆಗಳ ಮುಂದೆ ವೇಗವನ್ನು ಇಳಿಸಲು ಬೇಕಾದದ್ದು ಉಬ್ಬು, ಇಕ್ಕಟ್ಟಾದ ತಿರುವು, ಬಣ್ಣದ ಪಟ್ಟೆ, ಕೋಟಿಗಳ ಮಾತಲ್ಲ.

ಮಗುವಿನಷ್ಟೇ ಮುಖ್ಯರು ಮಗುವನ್ನು ನೋಡಿಕೊಳ್ಳುವವರು. ಹೊಲದಲ್ಲಿ ದುಡಿಯುವ ತಾಯಿ ಬೇವಿನ ಕೊಂಬೆಗೆ ಸೀರೆಯ ಜೋಲಿ ಕಟ್ಟಿ ಕಳೆ ಕೀಳುತ್ತಿದ್ದಳು. ಕಣ್ಣಳತೆಯಲ್ಲಿ ಕೂಸು, ಮೇಲೆ ನೆರಳು. ಊರಿನ ಮನೆಗಳ ಮುಂದೆ ಜಗಲಿಯಿತ್ತು. ಬೀದಿಯ ಮಕ್ಕಳಿಗೆಲ್ಲ ಅದರ ಮೇಲೆ ಕುಳಿತ ಒಬ್ಬಳೇ ಅಜ್ಜಿ ಕಾವಲು. ರಸ್ತೆ ಅಗಲವಾದಾಗ ಮೊದಲು ಹೋದದ್ದು ಜಗಲಿ. ಅದರ ಬದಲಿಗೆ ಏನನ್ನೂ ಕಟ್ಟಲಿಲ್ಲ. 2023ರ ಜೂನ್ 11ರಿಂದ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾಯಿತು, ಒಳ್ಳೆಯದೇ ಆಯಿತು. ಆದರೆ ಬಸ್ಸು ಬರುವವರೆಗೆ ಕೂಸಿಗೆ ಹಾಲೂಡಿಸಲು ಮರೆಯಾದ ಜಾಗ, ಕುಡಿಯುವ ನೀರು, ಶುಚಿಯಾದ ಶೌಚಾಲಯ ಬೇಡವೆ? ಹೊಸದುರ್ಗ ರೋಡ್ ರೈಲು ನಿಲ್ದಾಣವಂತೂ ತನ್ನ ಹೆಸರಿನಲ್ಲೇ ಊರಿನಿಂದ ದೂರವಿರುವುದನ್ನು ಒಪ್ಪಿಕೊಂಡಿದೆ. ಕೂಸನ್ನೆತ್ತಿಕೊಂಡವಳಿಗೆ ಪ್ರತಿ ಮೈಲಿಯೂ ಎರಡು ಮೈಲಿ.

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಮೊದಲ ನೆಲೆಯಾದದ್ದು ತಿರುಮಕೂಡಲು ನರಸೀಪುರ. ಇಂದು ಅಂಗನವಾಡಿಯಿಲ್ಲದ ಊರನ್ನು ಹುಡುಕಬೇಕು. 2023ರಲ್ಲಿ ‘ಕೂಸಿನ ಮನೆ’ಗಳೂ ಬಂದವು, ಅವನ್ನು ಉದ್ದೇಶಿಸಿದ್ದು ಗ್ರಾಮ ಪಂಚಾಯಿತಿಗಳಿಗೆ, ಉದ್ಯೋಗ ಖಾತರಿಯ ಕೂಲಿಗೆ ಹೋಗುವ ತಾಯಂದಿರಿಗೆ. ಪೇಟೆಯಲ್ಲಿ ಸೊಪ್ಪು ಮಾರುವವಳ ಕೂಸು ಮಾತ್ರ ಈಗಲೂ ಗಾಡಿಯ ಕೆಳಗೆ ಗೋಣಿಯ ಮೇಲೆ ಮಲಗಿರುತ್ತದೆ.

ಜಾಗವೆಲ್ಲಿದೆ ಎಂಬ ಪ್ರಶ್ನೆಗೆ ಆಮ್‌ಸ್ಟರ್‌ಡಾಮ್ ನಗರ ಉತ್ತರ ಕೊಟ್ಟಿದೆ. ಯುದ್ಧ ಮುಗಿದ ಮೇಲೆ, 1947ರಿಂದ ಮುಂದೆ ಮೂವತ್ತು ವರ್ಷ, ಆಲ್ಡೊ ವ್ಯಾನ್ ಐಕ್ ಎಂಬ ವಾಸ್ತುಶಿಲ್ಪಿ ಅಲ್ಲಿನ ಮೂಲೆಮುಡುಕುಗಳಲ್ಲಿ, ಮನೆ ಬಿದ್ದ ಪಾಳು ನಿವೇಶನಗಳಲ್ಲಿ 700ಕ್ಕೂ ಮಿಕ್ಕಿ ಆಟದ ತಾಣಗಳನ್ನು ರೂಪಿಸಿದ. ಒಂದು ಮರಳುಗುಳಿ, ದಾಟಲು ಕೆಲವು ಕಲ್ಲುಗಳು, ಹತ್ತಿ ಇಳಿಯಲು ಕಂಬಿ, ಹಿರಿಯರಿಗೆ ಕೂರಲು ಬೆಂಚು, ಅಷ್ಟೆ. ಬಯಲು ಗಣಪತಿಯಿಂದ ಹೆಸರಾದ ಹೊಳಲ್ಕೆರೆಯಲ್ಲಿ, ಕಲ್ಲಿಗೆ ಬಡತನವೇ ಇಲ್ಲದ ದುರ್ಗದಲ್ಲಿ, ಇದು ಆಗದ ಕೆಲಸವೇನಲ್ಲ. ನಮ್ಮ ಬಿಸಿಲಿಗೆ ಒಂದು ಹೊಂಗೆಯನ್ನೋ ಬೇವನ್ನೋ ಜೊತೆಗೆ ನೆಡಬೇಕು.

ಮೊನ್ನೆ ಅಳತೆಪಟ್ಟಿ ಹಿಡಿದು ನನ್ನ ಬೀದಿಯ ತಿರುವಿನಲ್ಲಿರುವ ಚಪ್ಪಡಿಯನ್ನು ಅಳೆದೆ: 34 ಸೆಂಟಿಮೀಟರು. ಮೂರು ವರ್ಷದ ಮೊಮ್ಮಗಳು ಅದನ್ನು ಎರಡೂ ಕೈಯೂರಿ ಹತ್ತುತ್ತಾಳೆ. ಇಳಿಯುವಾಗ ‘ತಾತ, ನೀನು ಮೊದಲು’ ಎನ್ನುತ್ತಾಳೆ. ಮಂಡಿನೋವಿನ ನಾನು ಅವಳ ಹೆಗಲು ಹಿಡಿದು ಇಳಿಯುತ್ತೇನೆ, ಆಮೇಲೆ ಅವಳನ್ನು ಇಳಿಸಿಕೊಳ್ಳುತ್ತೇನೆ.