ಉಚಿತ ತಂತ್ರಾಂಶದಲ್ಲಿ ಹೊಸ ಸೌಲಭ್ಯ ಕೇಳುವುದು ಹೇಗೆ?

ಬರೀ ಆಸೆ ಬೇಡಿಕೆಯಾಗುವುದಿಲ್ಲ, ಕೊಳ್ಳುವ ಶಕ್ತಿಯೂ ಹಣ ಕೊಡುವ ಮನಸ್ಸೂ ಇರಬೇಕು ಎಂದು ಅರ್ಥಶಾಸ್ತ್ರದಲ್ಲಿ ಓದಿದ್ದೇವೆ. ಆದರೆ ಬೆಲೆಯೇ ಇಲ್ಲದ ವಸ್ತುವಿಗೆ ಸಾವಿರಾರು ಜನ ಬೇಡಿಕೆ ಇಟ್ಟರೆ ಯಾರದನ್ನು ಮೊದಲು ಪೂರೈಸಬೇಕು? ಓಪನ್ ಸೋರ್ಸ್ ತಂತ್ರಾಂಶ ಮಾಡುವವರಿಗೆ ಇದು ದಿನನಿತ್ಯದ ಪ್ರಶ್ನೆ.

ಲಿಬ್ರೆ ಆಫೀಸನ್ನೇ ನೋಡೋಣ. 2010ರಲ್ಲಿ ಓಪನ್ ಆಫೀಸ್‌ನಿಂದ ಕವಲೊಡೆದ ಇದನ್ನು ದಿ ಡಾಕ್ಯುಮೆಂಟ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆ ನೋಡಿಕೊಳ್ಳುತ್ತದೆ. ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು, ಮೂಲ ಕೋಡನ್ನು ತಿದ್ದಲೂಬಹುದು. ಅಬ್ಬಾರ ಅಂಗಡಿಯ ಲೆಕ್ಕವನ್ನು ನಾನು ಬರೆಯುವುದು ಇದರ ಕ್ಯಾಲ್ಕ್‌ನಲ್ಲೇ.

ಹೊಸ ಸೌಲಭ್ಯ ಬೇಕಿದ್ದವರು ಬಗ್‌ಜಿಲ್ಲಾ ಎಂಬ ಸಾರ್ವಜನಿಕ ದಾಖಲೆಯಲ್ಲಿ ಕೋರಿಕೆ ಬರೆಯುತ್ತಾರೆ. ಸ್ವಯಂಸೇವಕರು ಅದನ್ನು ಓದಿ, ಅಂಥದ್ದೇ ಹಿಂದೆ ಬಂದಿದ್ದರೆ ಎರಡನ್ನೂ ಜೋಡಿಸುತ್ತಾರೆ. ಅರ್ಥವಾಗದಿದ್ದರೆ ಪ್ರಶ್ನೆ ಕೇಳುತ್ತಾರೆ. ಬಳಸುವ ರೀತಿಯೇ ಬದಲಾಗುವಂತಿದ್ದರೆ ವಿನ್ಯಾಸ ತಂಡ ಚರ್ಚಿಸುತ್ತದೆ. ಒಪ್ಪಿಗೆಯಾದರೆ 'ನ್ಯೂ' ಎಂಬ ಗುರುತು, ಬೇಡವೆಂದಾದರೆ 'ವೋಂಟ್‌ಫಿಕ್ಸ್'. ಚರ್ಚೆಯೆಲ್ಲ ಎಲ್ಲರಿಗೂ ಕಾಣುವಂತೆ ಅಲ್ಲೇ ಉಳಿಯುತ್ತದೆ.

ಆದರೆ 'ನ್ಯೂ' ಎಂದರೆ ಕೋರಿಕೆ ಸರಿಯಾಗಿದೆ ಎಂದಷ್ಟೇ ಅರ್ಥ, ಇಂಥ ದಿನ ಮಾಡಿಕೊಡುತ್ತೇವೆ ಎಂಬ ಮಾತಲ್ಲ. ಆ ಕೆಲಸಕ್ಕೆ ಒಬ್ಬ ಡೆವಲಪರ್ ಮುಂದೆ ಬರಬೇಕು. ಅವರಲ್ಲಿ ಕೆಲವರು ಬಿಡುವಿನ ವೇಳೆಯಲ್ಲಿ ದುಡಿಯುವವರು, ಕೆಲವರು ಕಂಪನಿಗಳಿಂದ ಸಂಬಳ ಪಡೆಯುವವರು. ಇಲ್ಲಿ ಕೊರತೆ ಇರುವುದು ಇವರ ಸಮಯಕ್ಕೆ.

ನಮ್ಮ ವಾಣಿಜ್ಯ ವಿಭಾಗದವರಿಗೆ ಹತ್ತಿರದ ಉದಾಹರಣೆ ಎಕ್ಸ್‌ಲುಕಪ್. ಹಳೆಯ ವಿಲುಕಪ್ ಸೂತ್ರದಲ್ಲಿ ಹುಡುಕುವ ಕಾಲಂ ಎಡತುದಿಯಲ್ಲೇ ಇರಬೇಕು. ಎಕ್ಸ್‌ಲುಕಪ್‌ಗೆ ಆ ಕಟ್ಟುಪಾಡಿಲ್ಲ. ಮೈಕ್ರೋಸಾಫ್ಟ್ ಇದನ್ನು ಎಕ್ಸೆಲ್‌ಗೆ ತರುವುದಾಗಿ 2019ರಲ್ಲಿ ಪ್ರಕಟಿಸಿತು. ಕ್ಯಾಲ್ಕ್‌ನಲ್ಲೂ ಬೇಕೆಂದು ಬಳಕೆದಾರರು ಕೇಳಿದರು. ಬಂದದ್ದು 2024ರ ಆಗಸ್ಟ್‌ನಲ್ಲಿ, 24.8 ಆವೃತ್ತಿಯಲ್ಲಿ. ಇಷ್ಟು ತಡವೇ ಎನಿಸಬಹುದು. ಆದರೆ ಸೂತ್ರವನ್ನು ಬರೆದರಷ್ಟೇ ಸಾಲದು. ಎಕ್ಸೆಲ್ ಫೈಲಿನಲ್ಲೂ ಕ್ಯಾಲ್ಕ್ ಫೈಲಿನಲ್ಲೂ ಅದು ಸರಿಯಾಗಿ ಉಳಿಯಬೇಕು, ಪರೀಕ್ಷೆ ನಡೆಯಬೇಕು, ಸಹಾಯ ಪುಟ ಬರೆಯಬೇಕು, ಮುಂದಿನ ಪ್ರತಿ ಆವೃತ್ತಿಯಲ್ಲೂ ಕೆಡದಂತೆ ಕಾಯಬೇಕು.

ಹಾಗಾದರೆ ಕೇಳುವವರು ಏನು ಮಾಡಬೇಕು? ಮೊದಲು ಹಳೆಯ ಕೋರಿಕೆಗಳನ್ನು ಹುಡುಕಿ. ಒಂದು ಕೋರಿಕೆಯಲ್ಲಿ ಒಂದೇ ವಿಷಯವಿರಲಿ. 'ಇಲ್ಲೊಂದು ಬಟನ್ ಬೇಕು' ಎಂದಷ್ಟೇ ಬರೆಯದೆ, ಯಾವ ಕೆಲಸ ಎಲ್ಲಿ ನಿಂತುಹೋಗುತ್ತದೆ ಎಂದು ತಿಳಿಸಿ. ಬಟನ್‌ಗಿಂತ ಸುಲಭದ ದಾರಿ ಡೆವಲಪರ್‌ಗೆ ಹೊಳೆಯಬಹುದು. ಹೆಸರು, ಫೋನ್ ನಂಬರ್ ತೆಗೆದ ಮಾದರಿ ಫೈಲನ್ನು ಜೊತೆಗಿಡಿ. 'ನನಗೂ ಬೇಕು' ಎಂಬ ಒಂದು ಸಾಲಿನಿಂದ ಯಾರ ಕೆಲಸವೂ ಹಗುರವಾಗುವುದಿಲ್ಲ. ಬೇಡ ಎಂಬ ಉತ್ತರ ಬಂದರೆ ಕಾರಣ ಓದಿ, ಮರ್ಯಾದೆಯಿಂದಲೇ ಮಾತಾಡಿ.

ಇದರಲ್ಲಿ ನಮ್ಮ ಪಾಲೂ ಇದೆ. ನನ್ನ ಮನೆಮಾತು ಉರ್ದು, ಬಲದಿಂದ ಎಡಕ್ಕೆ ಬರೆಯುವ ಭಾಷೆ. ಒಂದೇ ಸಾಲಿನಲ್ಲಿ ಉರ್ದು ಹೆಸರೂ ಅಂಕಿಗಳೂ ಬಂದಾಗ ಏನು ತೊಡಕಾಗುತ್ತದೆ, ಕನ್ನಡದ ಒತ್ತಕ್ಷರ ಎಲ್ಲಿ ಕೆಡುತ್ತದೆ ಎಂಬುದು ದಿನವೂ ಬಳಸುವವರಿಗೇ ಮೊದಲು ಕಾಣುವುದು. ಈ ಲಿಪಿಗಳನ್ನು ಓದಲು ಬಾರದ ಡೆವಲಪರ್ ಎಷ್ಟೇ ಜಾಣರಾದರೂ ಅದನ್ನು ತಾವಾಗಿ ಕಂಡುಕೊಳ್ಳುವುದು ಕಷ್ಟ. ಅದನ್ನು ಬರೆದು ತಿಳಿಸಬೇಕಾದವರು ನಾವೇ.