ಎಂಜಿನ್ನಿನ ದನಿಗೆ ಕಿವಿಗೊಟ್ಟು

ಅಮೆರಿಕದ ಒಹಾಯೊ ಸೀಮೆಯಲ್ಲಿ, ಮುಸುಕಿನ ಜೋಳದ ಹೊಲಗಳನ್ನು ಸೀಳಿಕೊಂಡು ಹೋಗುವ ರಸ್ತೆಯ ಪಕ್ಕದಲ್ಲೊಂದು ತಗಡಿನ ಗ್ಯಾರೇಜು. ಒಳಗೆ ಕಾಲಿಟ್ಟ ಕೂಡಲೇ ರಬ್ಬರು, ಗ್ರೀಸು, ಸಿಮೆಂಟು ನೆಲ ವರ್ಷಗಟ್ಟಲೆ ಕುಡಿದಿಟ್ಟುಕೊಂಡ ಆಯಿಲಿನ ವಾಸನೆ ಮೂಗಿಗೆ ಅಡರುತ್ತದೆ. ನಡುವೆ ನಿಂತಿರುವುದು 1986ರ ಶೆವ್ರೊಲೆ ಪಿಕಪ್. ಬಾಗಿಲಿನ ಅಂಚಿನಲ್ಲಿ ತುಕ್ಕು ಬಣ್ಣವನ್ನು ಉಬ್ಬಿಸಿದೆ, ಹಿಂದಿನ ತೊಟ್ಟಿಯ ಸಂದಿಯಲ್ಲಿ ಒಣಹುಲ್ಲು ಸಿಕ್ಕಿಕೊಂಡಿದೆ. ಗೇರು ಬೇಕಾದ್ದಕ್ಕಿಂತ ಮೊದಲೇ ಬದಲಾಗುತ್ತದೆ, ಏರಿನಲ್ಲಿ ಕಾಲೊತ್ತಿದರೆ ಗಾಡಿ ಎಳೆಯುವುದಿಲ್ಲ ಎಂಬುದು ಒಡೆಯನಾದ ರೈತನ ದೂರು.

ಮೆಕ್ಯಾನಿಕ್ ಸ್ಪ್ಯಾನರು ಮುಟ್ಟುವುದಿಲ್ಲ. ಕೀಲಿ ಇಸಿದುಕೊಂಡು ಗಾಡಿ ಹತ್ತುತ್ತಾನೆ. ಬನ್ನಿ, ಉದ್ದನೆಯ ಸೀಟಿನಲ್ಲಿ ನಮಗೂ ಜಾಗವಿದೆ. ಕಿಟಕಿ ಇಳಿಸಿ, ರೇಡಿಯೊ ಆರಿಸಿ, ಹಗುರಾಗಿ ಆಕ್ಸಿಲರೇಟರ್ ಒತ್ತುತ್ತಾನೆ. ಅಡಿಯಲ್ಲಿ ಕೆಲಸ ಮಾಡುತ್ತಿರುವುದು 1982ರಲ್ಲಿ ಬಳಕೆಗೆ ಬಂದ 700ಆರ್4 ಎಂಬ ನಾಲ್ಕು ಗೇರಿನ ಆಟೋಮ್ಯಾಟಿಕ್ ಪೆಟ್ಟಿಗೆ. ಅದರ ಮೊದಲ ಗೇರಿನ ಅನುಪಾತ 3.06, ಎರಡನೆಯದು 1.63. ಇಳಿತ ಅಷ್ಟು ದೊಡ್ಡದಾದ್ದರಿಂದ ಒಂದರಿಂದ ಎರಡಕ್ಕೆ ಹೋಗುವಾಗ ಎಂಜಿನ್ನಿನ ದನಿ ತಗ್ಗುವುದು ಯಾರ ಕಿವಿಗೂ ಕೇಳಿಸುತ್ತದೆ. ಇಲ್ಲಿ ಆ ದನಿ ಏರುವ ಮೊದಲೇ ತಗ್ಗುತ್ತಿದೆ. ಎರಡನೇ ಗೇರಿನ ಬೆನ್ನಿಗೇ ಮೂರನೆಯದೂ ಬಿದ್ದುಬಿಡುತ್ತದೆ. ದಿಬ್ಬದಲ್ಲಿ ಕಾಲು ಪೂರ್ತಿ ಒತ್ತಿದರೂ ಕೆಳಗಿನ ಗೇರಿಗೆ ಇಳಿಯದೆ ಗಾಡಿ ಮುಕ್ಕರಿಯುತ್ತದೆ.

ಹಿಂತಿರುಗಿ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಓಡುತ್ತಿರುವಂತೆಯೇ ಪಾರ್ಕಿಗೆ ಹಾಕಿ, ಬಿಸಿಯಾದ ಡಿಪ್‌ಸ್ಟಿಕ್ ಎಳೆದು ಬಿಳಿ ಬಟ್ಟೆಗೆ ಒರೆಸುತ್ತಾನೆ. ಒಳಗಿನ ಕ್ಲಚ್ ಪ್ಲೇಟುಗಳು ಸುಟ್ಟಿದ್ದರೆ ಆಯಿಲು ಕಂದಾಗಿ, ಒಲೆಯ ಮೇಲೆ ಮರೆತ ಒಗ್ಗರಣೆಯ ಹಾಗೆ ಕಮಟು ಹೊಡೆಯುತ್ತಿತ್ತು. ಬಟ್ಟೆಯ ಮೇಲೆ ಮೂಡಿದ ಗೆರೆ ಇನ್ನೂ ಕೆಂಪಗಿದೆ, ಮಟ್ಟವೂ ಸರಿಯಿದೆ. ಆಗ ರೈತನಿಗೆ ಒಂದು ಪ್ರಶ್ನೆ, ಇತ್ತೀಚೆಗೆ ಏನಾದರೂ ರಿಪೇರಿ ಮಾಡಿಸಿದ್ದುಂಟೇ? ಕಾರ್ಬುರೇಟರ್ ಬದಲಾಯಿಸಿದ್ದೆ ಎಂಬ ಉತ್ತರ ಬಂದದ್ದೇ ಆತ ಬಾನೆಟ್ಟಿನೊಳಗೆ ಬಾಗುತ್ತಾನೆ.

ಕಾರ್ಬುರೇಟರಿನಿಂದ ಗೇರುಪೆಟ್ಟಿಗೆಗೆ ತೆಳ್ಳನೆಯ ಕೇಬಲ್ಲೊಂದು ಇಳಿದಿದೆ. 1993ರಲ್ಲಿ ಈ ಪೆಟ್ಟಿಗೆಯ ಎಲೆಕ್ಟ್ರಾನಿಕ್ ರೂಪ ಬಂದಮೇಲೆ ಕಂಪ್ಯೂಟರು ಮಾಡತೊಡಗಿದ ಕೆಲಸವನ್ನು ಇದರಲ್ಲಿ ಈ ಕೇಬಲ್ಲು ಮಾಡುತ್ತದೆ. ಚಾಲಕ ಎಷ್ಟು ಕಾಲೊತ್ತಿದ್ದಾನೆಂಬುದನ್ನು ಪೆಟ್ಟಿಗೆಗೆ ಮುಟ್ಟಿಸಿ, ಅದಕ್ಕೆ ತಕ್ಕಂತೆ ಆಯಿಲಿನ ಒತ್ತಡ ಏರಿಸುತ್ತದೆ. ಸಡಿಲವಾಗಿದ್ದರೆ ಒತ್ತಡ ಸಾಲದೆ ಗೇರು ಬೇಗ ಬದಲಾಗುತ್ತದೆ; ಪ್ಲೇಟುಗಳು ಬಿಗಿಹಿಡಿಯಲಾರದೆ ಜಾರಿ ಸುಟ್ಟುಹೋಗುತ್ತವೆ. ತೀರಾ ಬಿಗಿಯಾಗಿದ್ದರೆ ತಡವಾಗಿ, ಗುದ್ದಿದ ಹಾಗೆ ಬೀಳುತ್ತದೆ.

ಮೆಕ್ಯಾನಿಕ್ ಹೆಬ್ಬೆರಳಿನಿಂದ ಕೇಬಲ್ಲಿನ ಲಾಕು ಅದುಮಿ, ಜಾರುವ ತುಂಡನ್ನು ಹಿಂದಕ್ಕೆ ತಳ್ಳಿ, ಲಾಕು ಬಿಟ್ಟು ಥ್ರಾಟಲನ್ನು ಪೂರ್ತಿ ತೆರೆಯುತ್ತಾನೆ. ಟಕಟಕನೆ ಹಲ್ಲು ಸರಿದು ಕೇಬಲ್ಲು ತನ್ನ ಜಾಗಕ್ಕೆ ಕೂರುತ್ತದೆ. ಮತ್ತೆ ದಿಬ್ಬ ಹತ್ತಿಸಿದರೆ ಗೇರು ಹೊತ್ತಿಗೆ ಸರಿಯಾಗಿ ಬೀಳುತ್ತದೆ, ಕಾಲೊತ್ತಿದರೆ ಕೆಳಕ್ಕಿಳಿದು ಎಳೆಯುತ್ತದೆ. ಅಷ್ಟಕ್ಕೇ ಬಿಡದೆ ಪೆಟ್ಟಿಗೆಗೆ ಗೇಜು ಸಿಕ್ಕಿಸಿ ಒತ್ತಡವನ್ನೂ ನೋಡಿಕೊಳ್ಳುತ್ತಾನೆ. ರೈತನಿಗೆ ಹೇಳುವುದು ಇಷ್ಟೇ, ಕೇಬಲ್ಲು ಸಡಿಲವಿದ್ದ ಸ್ಥಿತಿಯಲ್ಲೇ ಹುಲ್ಲಿನ ಹೊರೆ ಹೇರಿ ಓಡಿಸಿದ್ದರೆ ಪೆಟ್ಟಿಗೆಯನ್ನೇ ಕೆಳಗಿಳಿಸಬೇಕಾಗುತ್ತಿತ್ತು. ಇನ್ನು ಕಾರ್ಬುರೇಟರಿಗೆ ಯಾರು ಕೈಹಾಕಿದರೂ ಈ ಕೇಬಲ್ಲನ್ನು ಸರಿಹೊಂದಿಸದೆ ಗಾಡಿ ಹೊರತೆಗೆಯಬಾರದು.